ಕಾರಿಗೆ ಕಾರ್ನೂಬಾ ವ್ಯಾಕ್ಸಾ, ಸಿಂಥೆಟಿಕ್ ಸೀಲೆಂಟಾ?

ಮನೆಯಲ್ಲೇ ಕಾರು ತೊಳೆದು ಹೊಳಪು ಕೊಡುವವರ ಮುಂದೆ ಮುಖ್ಯವಾಗಿ ಈ ಎರಡು ಇವೆ. ಕಾರ್ನೂಬಾ ಅಂದರೆ ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಕಪ್ಪು, ಕೆಂಪು ಕಾರಿಗೆ ಅದು ಕೊಡುವ ಆಳವಾದ ಹೊಳಪು ನನಗೆ ತುಂಬಾ ಇಷ್ಟ. ಆದರೆ ಬಿಸಿಲಲ್ಲಿ ನಿಲ್ಲುವ ಕಾರಿನ ಮೇಲೆ 1–2 ತಿಂಗಳಿಗಿಂತ ಜಾಸ್ತಿ ಉಳಿಯುವುದು ಕಷ್ಟ. ಸೀಲೆಂಟ್ ಅಂದರೆ ಕಾರ್ಖಾನೆಯಲ್ಲಿ ಪಾಲಿಮರ್‌ನಿಂದ ಮಾಡುವ ರಕ್ಷಣಾ ಲೇಪ; ಅದು ಸಾಮಾನ್ಯವಾಗಿ 4–5 ತಿಂಗಳು ಬಾಳುತ್ತದೆ. ಬಿಳಿ, ಬೆಳ್ಳಿ ಬಣ್ಣಕ್ಕೆ ಅದು ಸಾಕು. ರಸ್ತೆ ಬದಿ ನಿಲ್ಲಿಸುವವರು, ಮಳೆಗಾಲಕ್ಕೆ ಮುಂಚೆ ಹಚ್ಚುವವರು ಸೀಲೆಂಟೇ ತಗೊಳ್ಳಿ.

ಯಾವುದೇ ಆದರೂ ನೆರಳಲ್ಲಿ, ತಣ್ಣಗಿರುವ ಬಾನೆಟ್ ಮೇಲೆ ತೆಳ್ಳಗೆ ಹಚ್ಚಿ. ಬೆರಳಲ್ಲಿ ಗೆರೆ ಎಳೆದಾಗ ಮಸುಕು ಪದರ ಅಂಟದೆ ಬಿಟ್ಟುಬಂದರೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬಹುದು. ಆಮೇಲೆ ಕಾರು ತೊಳೆಯುವಾಗ ಪಾತ್ರೆ ತೊಳೆಯುವ ಸೋಪನ್ನಂತೂ ಬಳಸಬೇಡಿ, ಹಚ್ಚಿದ್ದೆಲ್ಲ ಬೇಗ ಹೋಗುತ್ತದೆ.