ಸ್ಕ್ರೀನ್ ತೊಳೆಯುವ ಮೆಷಿನ್‌ಗೆ ಯಾವ ಸ್ವಿಚ್? ನಾಲ್ಕು ಹಾಕಿ ತೆಗೆದ ಮೇಲೆ ಉಳಿದದ್ದು ಇದು

ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಗೆ ಪ್ರಿಂಟ್ ಹಾಕುವ ಸ್ಕ್ರೀನ್ (ಫ್ರೇಮಿಗೆ ಬಿಗಿದ ಜಾಲರಿ) ತೊಳೆಯಲು ಜೋರಾಗಿ ನೀರು ಚಿಮ್ಮಿಸುವ ಪ್ರೆಷರ್ ವಾಷರ್‌ಗೆ ನನ್ನ ಆಯ್ಕೆ 24 ವೋಲ್ಟಿನ ಪುಶ್ ಬಟನ್ ಮತ್ತು ಅದರ ಹಿಂದೆ ಒಂದು ಕಾಂಟ್ಯಾಕ್ಟರ್, ಅಂದರೆ ಬಟನ್ನಿನ ಸಣ್ಣ ಕರೆಂಟಿನಿಂದ ಮೋಟರಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಹಸಿರು ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್. ಒದ್ದೆ ಕೈ ತಾಗುವ ಜಾಗದಲ್ಲಿ 230 ವೋಲ್ಟ್ ಇಲ್ಲವೇ ಇಲ್ಲ. ಇಲ್ಲಿಗೆ ಬರುವ ಮುಂಚೆ ಗೋಡೆ ಸ್ವಿಚ್, ಕಾಲಿನ ಪೆಡಲ್, ವೈಫೈ ಪ್ಲಗ್, ರಿಮೋಟ್ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಒಂದು ಸಲ ಶಾಕ್ ಹೊಡೆಯಿತು. ಎರಡು ಸಲ ಮೆಷಿನ್ ನಿಲ್ಲಲೇ ಇಲ್ಲ.

ನಮ್ಮದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ 20x30 ಅಡಿ ಸೈಟಿನ ಒಂದು ಶೆಡ್. ಟಿ-ಶರ್ಟು, ಬಟ್ಟೆ ಚೀಲ ಪ್ರಿಂಟ್ ಮಾಡುತ್ತೇವೆ. ಹಿಂದಿನ ಮೂಲೆಯ ಬಚ್ಚಲನ್ನೇ ಸ್ಕ್ರೀನ್ ತೊಳೆಯುವ ಕೋಣೆ ಮಾಡಿಕೊಂಡಿದ್ದೇವೆ. ಮೆಷಿನ್ ಕಾರ್ ವಾಷಿಂಗ್ ಅಂಗಡಿಗಳಲ್ಲಿ ಇರುವಂಥದ್ದೇ, 2 ಎಚ್‌ಪಿ ಸಿಂಗಲ್ ಫೇಸ್ ಮೋಟರು. ನೀರು ಹೊಡೆಯುವ ಗನ್ನಿನ ಟ್ರಿಗರ್ ಬಿಟ್ಟರೆ ತಾನಾಗಿ ನಿಲ್ಲುವ ಮಾಡೆಲ್ ಅಲ್ಲ. ಅಕ್ಟೋಬರ್ ಬಂತೆಂದರೆ ನವೆಂಬರ್ 1ರ ರಾಜ್ಯೋತ್ಸವದ ಆರ್ಡರ್‌ಗಳು. ಹಳದಿ ಟಿ-ಶರ್ಟು, ಕೆಂಪು ಇಂಕು, ಪ್ರತಿ ಸಂಘಕ್ಕೂ ಬೇರೆ ಬೇರೆ ಡಿಸೈನು. ದಿನಕ್ಕೆ 25 ಸ್ಕ್ರೀನ್ ಆದರೂ ತೊಳೆಯಬೇಕು.

ಒಂದು ಸ್ವಿಚ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಹೊರಗಿನವರಿಗೆ ಅನಿಸಬಹುದು. ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಅರ್ಥವಾಗುತ್ತದೆ. ಡಿಕೋಟಿಂಗ್ ಪೌಡರ್ ಕರಗಿಸಿ ಮೆಷ್‌ಗೆ, ಅಂದರೆ ಸ್ಕ್ರೀನಿನ ಜಾಲರಿಗೆ, ಎರಡೂ ಕಡೆ ಹಚ್ಚುತ್ತೇವೆ. ಒಂದೆರಡು ನಿಮಿಷದಲ್ಲಿ ಎಮಲ್ಷನ್, ಅಂದರೆ ಮೆಷ್ ಮೇಲೆ ಹಳೇ ಡಿಸೈನ್ ಇರುವ ಪದರ, ಮೆತ್ತಗಾಗುತ್ತದೆ. ಆಗಲೇ ಪ್ರೆಷರ್‌ನಲ್ಲಿ ಹೊಡೆಯಬೇಕು. ತಡವಾಗಿ ಆ ದ್ರಾವಣ ಮೆಷ್ ಮೇಲೆ ಒಣಗಿಬಿಟ್ಟರೆ ಎಮಲ್ಷನ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ಆ ಫ್ರೇಮ್‌ಗೆ ಹೊಸ ಮೆಷ್ ಕಟ್ಟಿಸಬೇಕು. ಹಾಗಂತ ಮೆಷಿನ್ ಓಡುತ್ತಲೇ ಇರಲಿ ಅಂತ ಬಿಡುವ ಹಾಗೂ ಇಲ್ಲ. ಗನ್ ಮುಚ್ಚಿದಾಗ ಅದೇ ನೀರು ಪಂಪಿನೊಳಗೆ ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಸೀಲ್ ಹೋಗುತ್ತದೆ. ಹಾಗಾಗಿ ಪ್ರತಿ ಸ್ಕ್ರೀನ್‌ಗೆ ಎರಡು ಮೂರು ಸಲ ಆನ್, ಎರಡು ಮೂರು ಸಲ ಆಫ್. ಎಲ್ಲವೂ ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ನಿಂತು.

ಮೊದಲು ಇದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲಿ ಮಾಮೂಲಿ 16 ಆಂಪ್ ಸ್ವಿಚ್. ಹಳೇ ಕಟ್ಟಡ, ಬಾಡಿಗೆಗೆ ಬಂದಾಗ ಹೇಗಿತ್ತೋ ಹಾಗೇ ಬಳಸಿದೆವು. ಒಂದು ದಿನ ಆಫ್ ಮಾಡಲು ಬೆರಳಿಟ್ಟೆ, ಮೊಣಕೈವರೆಗೂ ಜುಂ ಅಂತು. ಸ್ವಿಚ್ ಪ್ಲೇಟಿನ ಸಂದಿಯಲ್ಲಿ ನೀರು ಇಳಿದಿತ್ತು. ನನಗೆ ಜಾಸ್ತಿ ಭಯವಾದದ್ದು ಶಾಕ್ ಹೊಡೆದದ್ದಕ್ಕಲ್ಲ, ಎಂಸಿಬಿ (ಬೋರ್ಡಿನಲ್ಲಿ ಫ್ಯೂಸಿನ ಬದಲು ಇರುವ ಸ್ವಿಚ್) ಬೀಳಲಿಲ್ಲವಲ್ಲ ಅಂತ. ಬೀಳುವುದೂ ಇಲ್ಲ. ಎಂಸಿಬಿ ಇರುವುದು ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ ವೈರನ್ನು ಉಳಿಸಲು. ಮನುಷ್ಯನ ಮೈಯಲ್ಲಿ ಹರಿಯುವ ಸ್ವಲ್ಪ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಿಡಿಯುವುದು ಆರ್‌ಸಿಸಿಬಿ. ಹೋಗುವ ಕರೆಂಟಿಗೂ ವಾಪಸ್ ಬರುವ ಕರೆಂಟಿಗೂ 30 ಮಿಲಿಆಂಪಿನ ವ್ಯತ್ಯಾಸ ಬರುವಷ್ಟರಲ್ಲಿ ಅದು ಲೈನ್ ಕಡಿಯುತ್ತದೆ. ಮಾರನೇ ದಿನವೇ ಹಾಕಿಸಿದೆ. ನೀವು ಕೆಳಗಿನ ಯಾವ ಸ್ವಿಚ್ ತಗೊಂಡರೂ ಸರಿ, ಇದನ್ನು ಮೊದಲು ಹಾಕಿಸಿ, ಅರ್ಥಿಂಗ್ ಸರಿಯಾಗಿದೆಯಾ ಅಂತ ನೋಡಿಸಿ. ಅದರ ಮೇಲೆ ಇರುವ ಟೆಸ್ಟ್ ಬಟನ್ನನ್ನು ನಾನು ಪ್ರತಿ ತಿಂಗಳ ಮೊದಲ ದಿನ ಒತ್ತಿ ನೋಡುತ್ತೇನೆ.

ಆಮೇಲೆ ಕಾಲಿನ ಪೆಡಲ್. 750 ರೂಪಾಯಿ ಕೊಟ್ಟೆ. ಎರಡೂ ಕೈ ಖಾಲಿ, ಕಾಲು ತೆಗೆದರೆ ಮೆಷಿನ್ ಬಂದ್. ಈ ಗುಣ ನನಗೆ ಈಗಲೂ ಇಷ್ಟ. ಆದರೆ ತೊಳೆಯುವ ಕೋಣೆಯಲ್ಲಿ ನೀರೆಲ್ಲ ಬಂದು ನಿಲ್ಲುವುದು ನೆಲದಲ್ಲೇ ಅಲ್ವಾ? ಪೆಡಲ್ ಇರುವುದೂ ಅಲ್ಲೇ, ಅದರ ವೈರು ಇರುವುದೂ ಅಲ್ಲೇ. ಆರ್‌ಸಿಸಿಬಿ ದಿನಕ್ಕೆ ಮೂರು ಸಲ ಬೀಳತೊಡಗಿತು. ಬೀಳುವುದು ಒಳ್ಳೆಯದೇ, ಬೀಳದಿದ್ದರೆ ನಾವು ಇರುತ್ತಿರಲಿಲ್ಲ. ಇನ್ನೊಂದು ತೊಂದರೆ, ದೊಡ್ಡ ಫ್ರೇಮಿನ ಮೂಲೆಗೆ ಗನ್ ಹಿಡಿಯಲು ಒಂದು ಹೆಜ್ಜೆ ಸರಿಯಬೇಕು, ಕಾಲು ಪೆಡಲ್ ಬಿಟ್ಟು ಬರುವುದಿಲ್ಲ. 20 ದಿನಕ್ಕೆ ತೆಗೆದಿಟ್ಟೆ.

ವೈಫೈ ಪ್ಲಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ಬೆರಳಿಗೆ ಫೋನ್ ಸ್ಕ್ರೀನ್ ಕೇಳುವುದಿಲ್ಲ. ಆ ಪ್ಲಗ್ ಈಗ ಕಟ್ಟಡದ ನೀರಿನ ಫಿಲ್ಟರ್‌ಗೆ ಕೆಲಸ ಮಾಡುತ್ತಿದೆ.

ಇನ್ನು ರಿಮೋಟ್. ಇದರ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬಾ ಜನ ಇದನ್ನೇ ಹಾಕಿಕೊಳ್ಳುತ್ತಿದ್ದಾರೆ. ತೋಟದ ಮೋಟರಿಗೆ, ಗೇಟಿಗೆ ಬಳಸುವ ಕೀಚೈನ್ ಥರದ್ದು. ಒಂದು ಸಣ್ಣ ಡಬ್ಬಿ, ಒಳಗೆ ರಿಲೇ (ಸಿಗ್ನಲ್ ಸಿಕ್ಕರೆ ಆನ್-ಆಫ್ ಆಗುವ ಸಣ್ಣ ಸ್ವಿಚ್), ಹೊರಗೆ ಒಂದು ಲೈಟು. ಡಬ್ಬಿ ಒಣ ಜಾಗದಲ್ಲಿ ಇರುತ್ತದೆ, ರಿಮೋಟ್ ನಮ್ಮ ಕೊರಳಲ್ಲಿ. ಕೈಗೆ ಬರುವುದು ಬರೀ 12 ವೋಲ್ಟಿನ ಬ್ಯಾಟರಿ. ಯೋಚನೆ ಚೆನ್ನಾಗಿದೆ. ಮೊದಲ ಎರಡು ವಾರ ಇದೇ ಕೊನೆಯ ಉತ್ತರ ಅಂದುಕೊಂಡಿದ್ದೆ.

ಅಕ್ಟೋಬರ್ ಮಧ್ಯ, ರಾತ್ರಿ ಎಂಟರ ಸಮಯ. ನಮ್ಮ ಹುಡುಗ ತೊಳೆಯುತ್ತಿದ್ದ. ಆಫ್ ಒತ್ತಿದ. ಡಬ್ಬಿಯ ಲೈಟ್ ಆರಿತು. ಮೆಷಿನ್ ಮಾತ್ರ ಓಡುತ್ತಲೇ ಇತ್ತು. ಮತ್ತೆ ಒತ್ತಿದ, ಲೈಟ್ ಹತ್ತಿತು. ಮತ್ತೆ ಒತ್ತಿದ, ಆರಿತು. ಮೋಟರಿನ ಸದ್ದು ಸ್ವಲ್ಪವೂ ಬದಲಾಗಲಿಲ್ಲ. ನಾನು ಮುಂದಿನ ಬಾಗಿಲ ಹತ್ತಿರದ ಬೋರ್ಡಿಗೆ ಓಡಿ ಮೇನ್ ತೆಗೆದೆ. ಡಬ್ಬಿ ಬಿಚ್ಚಿ ನೋಡಿದರೆ ರಿಲೇಯ ಎರಡು ಕಾಂಟ್ಯಾಕ್ಟ್‌ಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಸ್ಕ್ರೂಡ್ರೈವರ್‌ನಿಂದ ಮೀಟಿದಾಗ ಟಕ್ ಅಂತ ಬಿಟ್ಟವು.

ಡಬ್ಬಿಯ ಮೇಲೆ 30 ಆಂಪ್ ಅಂತ ದೊಡ್ಡದಾಗಿ ಬರೆದಿತ್ತು. ನಮ್ಮ ಮೋಟರು ಓಡುವಾಗ ಎಳೆಯುವುದು ಸುಮಾರು 10 ಆಂಪ್. ಸಾಕಷ್ಟಾಯಿತಲ್ಲ ಅಂತ ನಾನೂ ಲೆಕ್ಕ ಹಾಕಿದ್ದೆ. ಆ 30 ಆಂಪ್ ಹೀಟರಿನಂಥ ಲೋಡಿಗೆ ಮಾತ್ರ. ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅಂದರೆ 50 ಆಂಪಿಗೂ ಮೇಲೆ. ಅಷ್ಟು ಕರೆಂಟು ಹರಿಯುವಾಗ ಚಿಕ್ಕ ರಿಲೇ ಮುಚ್ಚಿಕೊಂಡರೆ ಪ್ರತಿ ಸಲವೂ ಕಿಡಿ ಹಾರುತ್ತದೆ. ಕಿಡಿಯಿಂದ ಲೋಹ ಚೂರು ಚೂರೇ ಕರಗುತ್ತದೆ. ದಿನಕ್ಕೆ 60-70 ಸಲ ಹೀಗಾದರೆ ಒಂದು ದಿನ ಅದು ಅಂಟಿಕೊಂಡೇ ಬಿಡುತ್ತದೆ. ಮಾರಿದ ಅಂಗಡಿಯವರು ತಕರಾರಿಲ್ಲದೆ ಬದಲಿಸಿ ಕೊಟ್ಟರು. ಅದೂ ಮೂರು ವಾರಕ್ಕೆ ಹಾಗೇ ಆಯಿತು.

ಇದರಲ್ಲಿ ನಿಜವಾಗಿ ಅಪಾಯ ಇರುವುದು ಆ ಲೈಟಿನಲ್ಲಿ. ಲೈಟ್ ಹೇಳುವುದು ರಿಲೇಗೆ ಆಫ್ ಆಗು ಅಂತ ಹೇಳಿದ್ದೇನೆ ಅಂತ ಮಾತ್ರ. ಅದು ಆಫ್ ಆಯಿತಾ ಅನ್ನುವುದು ಲೈಟಿಗೆ ಗೊತ್ತಿಲ್ಲ. ನಮ್ಮ ಶೆಡ್ಡಿನಲ್ಲಿ ಅಕ್ಟೋಬರಿನಲ್ಲಿ ಡ್ರೈಯರ್, ಎಕ್ಸಾಸ್ಟ್ ಫ್ಯಾನ್ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಆ ಗದ್ದಲದಲ್ಲಿ ಮೋಟರಿನ ಸದ್ದು ಬೇರೆ ಮಾಡಿ ಕೇಳಿಸುವುದಿಲ್ಲ. ಲೈಟ್ ನಂಬಿ ಯಾರಾದರೂ ಗನ್ನಿನ ತುದಿಯ ನಾಜಲ್ ಬದಲಾಯಿಸಲು ಕೈ ಹಾಕಿದ್ದರೆ? 100 ಬಾರ್ ಮೇಲಿನ ನೀರಿನ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಗಾಯ ಕಾಣುತ್ತದೆ, ಒಳಗೆ ದೊಡ್ಡ ಹಾನಿ ಆಗಿರುತ್ತದೆ, ಆಪರೇಷನ್ ಬೇಕಾಗುತ್ತದೆ. ಆ ಹುಡುಗನಿಗೆ 21 ವರ್ಷ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರಿಮೋಟೇ ಬೇಕು ಅನ್ನುವವರು ಆ ರಿಲೇಯಿಂದ ನೇರವಾಗಿ ಮೋಟರ್ ಓಡಿಸಬೇಡಿ. ರಿಲೇ ಬರೀ ಕಾಂಟ್ಯಾಕ್ಟರನ್ನು ಆನ್ ಮಾಡುವ ಕಾಯಿಲ್‌ಗೆ (ಒಳಗಿನ ತಂತಿ ಸುರುಳಿ) ಕರೆಂಟ್ ಕೊಡಲಿ, ಮೋಟರಿನ ಭಾರ ಕಾಂಟ್ಯಾಕ್ಟರ್ ಹೊರಲಿ.

ಈ ಪಾಠ ಕಲಿತ ಮೇಲೆ ಎಲೆಕ್ಟ್ರಿಕಲ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋಗಿ ಒಂದು ಮಧ್ಯಾಹ್ನ ಕಳೆದೆ. ಊರ ಕಡೆಯವರಿಗೆ ಇದು ಹೊಸದೇನಲ್ಲ, ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಕೆಂಪು ಬಟನ್ನಿನದೇ ಕೆಲಸ. ಮೊದಲು ನಮ್ಮ ಎಲೆಕ್ಟ್ರಿಷಿಯನ್ ಆ ಸ್ಟಾರ್ಟರನ್ನೇ ತಂದು ಹಾಕೋಣ ಅಂದರು. ಬೇಡ ಅಂದೆ. ಸಿಂಗಲ್ ಫೇಸ್‌ನ ಸಿದ್ಧ ಸ್ಟಾರ್ಟರಿನಲ್ಲಿ ಬಟನ್ ಹಿಂದೆ 230 ವೋಲ್ಟೇ ಇರುತ್ತದೆ. ನಮಗೆ ಬೇಕಾದದ್ದು ಬಟನ್ನಿಗೆ ಬರೀ 24 ವೋಲ್ಟ್. ಅದಕ್ಕೆ 230ರ ಲೈನಿನಿಂದ ಬೇರ್ಪಡಿಸಿ 24 ವೋಲ್ಟ್ ಕೊಡುವ ಒಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್, 24 ವೋಲ್ಟ್ ಕಾಯಿಲ್‌ನ ಕಾಂಟ್ಯಾಕ್ಟರ್, ಮೋಟರು ಜಾಸ್ತಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ. ಇವೆಲ್ಲ ಒಣ ಗೋಡೆಯ ಮೇಲಿನ ಒಂದು ಡಬ್ಬಿಯಲ್ಲಿ. ತೊಳೆಯುವ ಕೋಣೆಗೆ ಬರುವುದು ಬಟನ್ನಿನ ತೆಳು ವೈರು ಮತ್ತು ಮೆಷಿನ್ನಿನ ಕೇಬಲ್ ಮಾತ್ರ. ಕಾಂಟ್ಯಾಕ್ಟರ್ ತಗೊಳ್ಳುವಾಗ ಎಸಿ-3 ಅಂತ ಬರೆದಿರುವ ಆಂಪ್ ನೋಡಿ, ಮೋಟರಿನ ಲೆಕ್ಕ ಅದು. ಎಸಿ-1 ಪಕ್ಕದ ದೊಡ್ಡ ಸಂಖ್ಯೆ ಹೀಟರಿನ ಲೆಕ್ಕ. ನಾನು ತಂದದ್ದು ಎಸಿ-3ರಲ್ಲಿ 18 ಆಂಪಿನದು.

ನನ್ನ ಮನಸ್ಸು ಗೆದ್ದದ್ದು ಇನ್ನೊಂದು ವಿಷಯ. ನಮ್ಮ ಕಡೆ ಕರೆಂಟ್ ಹೋಗುವುದು ಬರುವುದು ಇದ್ದದ್ದೇ. ಮಧ್ಯದಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೇವೆ? ಗನ್ ಅಲ್ಲೇ ಇಟ್ಟು ಟೀ ಕುಡಿಯಲು ಹೋಗುತ್ತೇವೆ. ಗೋಡೆ ಸ್ವಿಚ್ ಆನ್‌ನಲ್ಲೇ ಉಳಿದಿರುತ್ತದೆ. ಕರೆಂಟ್ ಬಂದ ತಕ್ಷಣ ಖಾಲಿ ಕೋಣೆಯಲ್ಲಿ ಮೆಷಿನ್ ತಾನೇ ಶುರು. ನಮ್ಮಲ್ಲಿ ಹೀಗೆ ಎರಡು ಸಲ ಆಗಿ ಒಂದು ಸಲ ಪಂಪಿನ ಸೀಲ್ ಹೋಗಿದೆ. ಕಾಂಟ್ಯಾಕ್ಟರ್ ಹಾಗಲ್ಲ. ಕರೆಂಟ್ ಹೋದರೆ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಹಸಿರು ಬಟನ್ ಬಿಟ್ಟ ಮೇಲೂ ಅದನ್ನು ಆನ್‌ನಲ್ಲಿ ಹಿಡಿದಿಟ್ಟಿದ್ದ ಕರೆಂಟಿನ ದಾರಿಯೂ ಕಡಿಯುತ್ತದೆ. ಕರೆಂಟ್ ವಾಪಸ್ ಬಂದರೂ ಯಾರಾದರೂ ಹಸಿರು ಒತ್ತುವವರೆಗೆ ಅಲುಗುವುದಿಲ್ಲ.

ರಾಜಾಜಿನಗರದಲ್ಲಿ ಪರಿಚಯದವರ ಪ್ರಿಂಟಿಂಗ್ ಶೆಡ್ಡಿನಲ್ಲಿ ಗಾಳಿ ಬಟನ್ ಇದೆ. ಒತ್ತಿದರೆ ಸಣ್ಣ ಟ್ಯೂಬಿನಲ್ಲಿ ಗಾಳಿ ಹೋಗಿ ದೂರದ ಸ್ವಿಚ್ ತಿರುಗುತ್ತದೆ, ಬಟನ್ನಿನಲ್ಲಿ ವಿದ್ಯುತ್ತೇ ಇಲ್ಲ. ಒಂದು ಬೆಳಗ್ಗೆ ಬಳಸಿ ನೋಡಿದೆ, ಮುಟ್ಟಲು ಅದಕ್ಕಿಂತ ಸುರಕ್ಷಿತ ಯಾವುದೂ ಇಲ್ಲ. ಆದರೆ ಅವರದು ಒಂದು ಸಲ ಒತ್ತಿದರೆ ಆನ್‌ನಲ್ಲೇ ನಿಲ್ಲುವ ಥರದ್ದು. ಕರೆಂಟ್ ಹೋಗಿ ಬಂದರೆ ಮೆಷಿನ್ ತಾನೇ ಶುರುವಾಗುತ್ತದೆ. ನನಗೆ ಅದು ಬೇಡ.

ನನ್ನ ಬಟನ್ನಿಗೂ ಕೊರತೆ ಇದೆ. ಎಮಲ್ಷನ್ ಚೂರು ಮೆತ್ತಿಕೊಂಡು ಹಸಿರು ಬಟನ್ ಒಂದು ಸಲ ಒಳಗೇ ಸಿಕ್ಕಿಕೊಂಡಿತ್ತು. ಈಗ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಬಟನ್ ಡಬ್ಬಿ ಐಪಿ65, ಅಂದರೆ ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು. ಹಾಗಂತ ಅದಕ್ಕೆ ಗನ್ ಹಿಡಿಯಬಾರದು. ಆ ಕೊನೆಯ 5 ಅಂದರೆ ಮಾಮೂಲಿ ಪೈಪಿನ ನೀರು ತಡೆಯುತ್ತದೆ ಅಂತ. ಹತ್ತಿರದಿಂದ ಬರುವ ಪ್ರೆಷರ್ ವಾಷರ್ ಏಟಿನ ಪರೀಕ್ಷೆ ಬೇರೆ, ಅದು ಐಪಿ69. ಅದಕ್ಕೇ ಡಬ್ಬಿಯನ್ನು ನಿಲ್ಲುವವರ ಬಲಗಡೆ, ಹೆಗಲಿಗಿಂತ ಸ್ವಲ್ಪ ಹಿಂದೆ, ಮೊಣಕೈ ಎತ್ತರಕ್ಕೆ ಹಾಕಿಸಿದ್ದೇನೆ. ನೀರು ಹೊಡೆಯುವುದು ಎದುರು ಗೋಡೆಗೆ. ಕೈ ತುಂಬಿದ್ದರೆ ಮೊಣಕೈಯಲ್ಲೇ ಕೆಂಪು ಒತ್ತಬಹುದು. ಹುಡುಗ ಹಾಗೇ ಮಾಡುತ್ತಾನೆ.

ಖರ್ಚು: ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಟ್ರಾನ್ಸ್‌ಫಾರ್ಮರ್, ಡಬ್ಬಿಗಳು, ಬಟನ್, ವೈರು ಸೇರಿ 4,200 ರೂಪಾಯಿ. ಎಲೆಕ್ಟ್ರಿಷಿಯನ್‌ಗೆ 1,200. ಆರ್‌ಸಿಸಿಬಿ ಮುಂಚೆಯೇ ಇತ್ತು. ಪೆಡಲ್, ಪ್ಲಗ್, ರಿಮೋಟ್ ಅಂತ ನಾನು ಸುಮ್ನೆ ಕಳೆದದ್ದೇ 2,900 ರೂಪಾಯಿ ಆಗಿತ್ತು, ಪಂಪಿನ ಸೀಲ್ ರಿಪೇರಿ ಬೇರೆ.

ವಾರಕ್ಕೆ ಎರಡೇ ಸ್ಕ್ರೀನ್ ತೊಳೆಯುವವರು, ಗನ್ ಬಿಟ್ಟರೆ ನಿಲ್ಲುವ ಮೆಷಿನ್ ಇರುವವರು ಇಷ್ಟೆಲ್ಲ ಮಾಡಬೇಕಿಲ್ಲ. ಆರ್‌ಸಿಸಿಬಿ ಹಾಕಿಸಿ, ಸ್ವಿಚ್ಚನ್ನು ಕೋಣೆಯ ಹೊರಗೆ ಒಣ ಗೋಡೆಗೆ ಸಾಗಿಸಿ, ಕೈ ಒರೆಸಿಕೊಂಡು ಮುಟ್ಟಿ. ದಿನವಿಡೀ ತೊಳೆಯುವವರು, ಹುಡುಗರ ಕೈಗೆ ಗನ್ ಕೊಟ್ಟು ಮುಂದೆ ಕೂತಿರುವವರು ಮಾತ್ರ ದಯವಿಟ್ಟು ಈ ಹಸಿರು ಕೆಂಪು ಬಟನ್ನಿಗೆ ಬನ್ನಿ.

ಕೆಂಪು ಬಟನ್‌ಗಳನ್ನು ಒಂದರ ಹಿಂದೆ ಒಂದು ಎಷ್ಟು ಬೇಕಾದರೂ ಸೇರಿಸಬಹುದು, ಯಾವುದನ್ನು ಒತ್ತಿದರೂ ಮೆಷಿನ್ ನಿಲ್ಲುತ್ತದೆ. ಇನ್ನೊಂದು ತಂದಿಟ್ಟಿದ್ದೇನೆ, ಪ್ರಿಂಟಿಂಗ್ ಟೇಬಲ್ ಹತ್ತಿರ ನನ್ನ ಕೈಗೆ ಸಿಗುವ ಹಾಗೆ ಹಾಕಿಸಲು. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತೇನೆ ಅಂದಿದ್ದಾರೆ.