ಚಾರ್ಜ್ ಯೂನಿಟ್‌ನಲ್ಲಿ ಎರಡು ವೈರ್ ಇದೆ ಅಂದರೆ ಸುಮ್ನೆ ನಂಬಬೇಡಿ

ಜಾಸ್ತಿ ಪ್ರಿಂಟ್ ತೆಗೆಯುವ ದೊಡ್ಡ ಲೇಸರ್ ಮೆಷಿನ್ ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. "ಇದರಲ್ಲಿ ಎರಡು ಕೊರೋನಾ ವೈರ್ ಇದೆ ಸರ್. ಒಂದು ಹೋದರೂ ಇನ್ನೊಂದು ಓಡಿಸುತ್ತದೆ, ಮೆಷಿನ್ ನಿಲ್ಲೋ ಮಾತೇ ಇಲ್ಲ" ಅಂತ ಹೇಳಿ ನಮಗೆ ಮಾರಿದರು. ನಿಂತಿತು. ಅದೂ ತಿಂಗಳ ಕೊನೆಯಲ್ಲಿ, ಬಿಲ್ಲುಗಳೆಲ್ಲ ಸಾಲಾಗಿ ಕಾಯುತ್ತಿದ್ದಾಗ.

ಈ ವೈರ್‌ಗಳಿರುವ ಭಾಗವೇ ಚಾರ್ಜ್ ಯೂನಿಟ್. ವೈರ್ ಮಾಡುವ ಕೆಲಸ ಇಷ್ಟೇ: ಚಿತ್ರ ಮೂಡುವ ಉರುಳೆ, ಅಂದರೆ ಡ್ರಮ್ ಮೇಲೆ ಒಂದೇ ಸಮನಾಗಿ ವಿದ್ಯುತ್ ಚಾರ್ಜ್ ಕೂರಿಸುವುದು. ಲೇಸರ್ ಬಿದ್ದ ಕಡೆ ಆ ಚಾರ್ಜ್ ಇಳಿಯುತ್ತದೆ, ಇಳಿದ ಕಡೆ ಟೋನರ್ ಅಂಟುತ್ತದೆ. ಹಾಗಾಗಿ ಚಾರ್ಜೇ ಕೂರದಿದ್ದರೆ ಹಾಳೆ ಖಾಲಿ ಬರುವುದಿಲ್ಲ, ಪೂರ್ತಿ ಕಪ್ಪಾಗಿ ಬರುತ್ತದೆ. ವೈರ್ ಕೂದಲಿನಷ್ಟು ತೆಳ್ಳಗೆ, ಅದರಲ್ಲಿ ಸಾವಿರಾರು ವೋಲ್ಟ್. ಧೂಳು, ಟೋನರ್ ಪುಡಿ ಮೆತ್ತಿಕೊಂಡ ಜಾಗದಲ್ಲಿ ಚಾರ್ಜ್ ಕಡಿಮೆಯಾಗಿ, ಹಾಳೆ ಓಡುವ ದಿಕ್ಕಿಗೇ ಉದ್ದಕ್ಕೆ ಗೆರೆ ಬೀಳುತ್ತದೆ.

ನಮ್ಮಲ್ಲೂ ಮೊದಲು ಬಂದದ್ದು ಅಂಥ ಬೂದು ಗೆರೆಯೇ. ಸರ್ವಿಸ್‌ನವರಿಗೆ ತೋರಿಸಿದೆವು. "ಇನ್ನೊಂದು ವೈರ್ ಇದೆಯಲ್ಲ, ಮುಂದಿನ ಸಲ ಬಂದಾಗ ನೋಡೋಣ" ಅಂದರು. ಮುಂದಿನ ಸಲ ಬರುವ ಮೊದಲೇ ಒಂದು ವೈರ್ ಕಡಿಯಿತು. ಕಡಿದ ತುದಿ ಚಿಮ್ಮಿ ಲೋಹದ ಕವಚಕ್ಕೆ ತಾಗಿತು. ಒಳಗೆ ಚಟಚಟ ಸದ್ದು, ಹೈ ವೋಲ್ಟೇಜ್ ಬೋರ್ಡ್ ತನ್ನನ್ನು ತಾನೇ ಆಫ್ ಮಾಡಿಕೊಂಡಿತು, ಡಿಸ್‌ಪ್ಲೇ ಮೇಲೆ ಎರರ್ ಕೋಡ್.

ಇಂಜಿನಿಯರ್ ಬಂದು ಯೂನಿಟ್ ಹೊರಗೆಳೆದಾಗ ಎರಡನೇ ವೈರ್ ಕಡಿಯದೆ ನೆಟ್ಟಗೇ ಇತ್ತು. ಇದ್ದು ಏನು ಬಂತು? ಎರಡಕ್ಕೂ ಕರೆಂಟ್ ಕೊಡುವ ಬೋರ್ಡ್ ಒಂದೇ. ಗಾಳಿ ಬರುವ ಫ್ಯಾನ್ ಒಂದೇ, ಕಟ್ಟಿಕೊಂಡಿದ್ದ ಫಿಲ್ಟರ್ ಕೂಡ ಒಂದೇ. ಉಳಿದಿದ್ದ ವೈರ್ ಮೇಲೂ ಅದೇ ಬಿಳಿ ಪುಡಿ ಮೆತ್ತಿತ್ತು. ಗಾಳಿ ಇಲ್ಲದ ಸ್ಟೆಪ್ನಿ ಇಟ್ಟುಕೊಂಡು ದೂರದ ಊರಿಗೆ ಹೊರಟ ಹಾಗೆ. ಯೂನಿಟ್ ಸ್ಟಾಕ್‌ನಲ್ಲಿ ಇಲ್ಲ ಅಂದರು. ಪಕ್ಕದ ಮೆಷಿನ್‌ನದ್ದನ್ನು ಕಿತ್ತು ಇದಕ್ಕೆ ಹಾಕಿದೆವು. ಇದು ಓಡಿತು, ಅದು ಮಲಗಿತು.

ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ವೈರ್ ಕೆಳಗಿನ ಗ್ರಿಡ್ (ಲೋಹದ ಜಾಲರಿ) ಚಾರ್ಜಿನ ಏರುಪೇರನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ಒಳ್ಳೆಯದೇ, ಆದರೆ ವೈರ್ ಕೊಳೆಯಾಗುತ್ತಿರುವುದು ಪ್ರಿಂಟ್‌ನಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಜೊತೆಗೆ ಒಂದರ ಕೊರತೆಯನ್ನು ಎರಡನೇ ವೈರ್ ಬೇರೆ ಮುಚ್ಚಿಹಾಕುತ್ತದೆ.

ಹಾಗಾಗಿ ಎರಡು ಇದೆ ಅಂದವರನ್ನು ಬಿಡಬೇಡಿ. ಪ್ರತಿ ವೈರ್‌ಗೂ ಬೇರೆ ಸಪ್ಲೈ ಇದೆಯಾ, ಒಂದು ಕೆಟ್ಟರೆ ಮೆಷಿನ್ ಅದನ್ನು ಹೇಳುತ್ತದಾ, ಆಮೇಲೂ ಓಡುತ್ತದಾ ಅಂತ ಕೇಳಿ. ಬಾಯಿಮಾತು ಸಾಲದು. ಅವರ ಇಂಜಿನಿಯರ್ ಕೈಯಲ್ಲೇ ಒಂದರ ಕನೆಕ್ಷನ್ ತೆಗೆಸಿ, ಪ್ರಿಂಟ್ ತೆಗೆದು ತೋರಿಸಲಿ. ನೀವಾಗಿ ಕೈ ಹಾಕಬೇಡಿ, ಶಾಕ್ ಸಣ್ಣದಲ್ಲ. ತೋರಿಸಲು ಹಿಂದೇಟು ಹಾಕಿದರೆ ಆ ಎರಡನ್ನು ಒಂದೇ ಅಂತ ಲೆಕ್ಕ ಹಿಡಿಯಿರಿ. ಒಂದು ಪೂರ್ತಿ ಚಾರ್ಜ್ ಯೂನಿಟ್ ನಿಮ್ಮ ಕಪಾಟಿನಲ್ಲೇ ಇರಬೇಕು ಅಂತ ಖರೀದಿ ಪತ್ರದಲ್ಲೇ ಬರೆಸಿ. ಬಂದ ದಿನವೇ ಅದನ್ನು ಮೆಷಿನ್‌ಗೆ ಹಾಕಿ, ನಾಲ್ಕು ಹಾಳೆ ತೆಗೆದು ನೋಡಿ, ಆಮೇಲೆ ಒಳಗಿಡಿ.