ಕೈಯಲ್ಲಿ ತಿರುಗಿಸುವ ಕಾಫಿ ಗ್ರೈಂಡರ್, ಶಿರಸಿಯ ಒಂದು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಾಫಿ ಕುಡಿಯುವವರು ಇಬ್ಬರೋ ಮೂವರೋ ಆದರೆ ಕಣ್ಣು ಮುಚ್ಚಿ ತಗೊಳ್ಳಿ. ಏಳೆಂಟು ಜನರ ಮನೆಯಾದರೆ ಬೇಡ, ಪೇಟೆಗೆ ಹೋದಾಗ ಪುಡಿ ಮಾಡಿಸಿಕೊಂಡು ಬನ್ನಿ, ತೋಳಾದರೂ ಉಳಿಯುತ್ತದೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಬಿಡಬಹುದು, ಮುಂದೆ ಇರುವುದು ನನ್ನ ಹುಚ್ಚಿನ ಕಥೆ.

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿನ ಊರು, ಅಡಿಕೆ ತೋಟದ ಮನೆ. ಈ ಕಡೆ ಯಾರಾದರೂ ಬಂದರೆ ಮೊದಲು ಕೇಳುವುದು ಆಸರಿಗೆ ಎಂತ ಬೇಕು ಅಂತ. ಕಷಾಯ, ಚಾ, ಮಜ್ಜಿಗೆ, ಬೇಸಿಗೆಯಾದರೆ ಬೆಲ್ಲ ನೀರು. ಕಾಫಿ ಅಂದವರಿಗೆ ಇನ್‌ಸ್ಟಂಟ್ ಪುಡಿ ಹಾಕಿ ಕದಡಿ ಕೊಟ್ಟರೆ ಆಯಿತು. ನಾನೂ ಅದನ್ನೇ ಕುಡಿದು ಬೆಳೆದವನು. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಅಲ್ಲಿನ ದರ್ಶಿನಿಗಳ ಕಾಫಿಗೆ ನಾಲಿಗೆ ಕೆಡಿಸಿಕೊಂಡು, ಇನ್ನು ಮನೆಯಿಂದಲೇ ಕೆಲಸ ಅಂತ ವಾಪಸ್ ಬಂದೆ ನೋಡಿ, ಆಗ ಶುರುವಾಯಿತು.

ಹುಚ್ಚು ಹತ್ತಿದವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ, ಪಾತ್ರೆ ತಂದೆ. ಪುಡಿ ನೆನೆಸಿ ಮೇಲಿಂದ ಜಾಲರಿ ಒತ್ತಿ ಸೋಸುವ ಫ್ರೆಂಚ್ ಪ್ರೆಸ್ ಬಂತು. ಆಮೇಲೆ ಕಾಗದದ ಫಿಲ್ಟರ್ ಇಟ್ಟು ಮೇಲಿಂದ ನೀರು ಸುರಿಯುವ ಗಾಜಿನ ಕೋನ್ ಬಂತು. ಅದಕ್ಕೆ ಅಂತಲೇ ಕೊಕ್ಕರೆ ಕತ್ತಿನ ಕೆಟಲ್ ಒಂದು. ಪುಡಿ ಮಾತ್ರ ಅದೇ, ಎರಡು ತಿಂಗಳ ಹಿಂದೆ ತಂದು ಡಬ್ಬಿಯಲ್ಲಿ ಇಟ್ಟಿದ್ದು. ಮೂರು ತರದ ಪಾತ್ರೆಯಲ್ಲಿ ಒಂದೇ ತರದ ಕೆಟ್ಟ ಕಾಫಿ ಆಯಿತು. ಈಗ ಆ ಮೂರೂ ಅಟ್ಟದ ಮೇಲೆ ಇವೆ, ಜಾತ್ರೆಯಲ್ಲಿ ತಂದ ಆಟದ ಸಾಮಾನಿನ ಪಕ್ಕ.

ವಿಷಯ ಸರಳ. ಹುರಿದ ಬೀಜ ಇಡಿಯಾಗಿ ಇದ್ದಾಗ ಪರಿಮಳ ಒಳಗೇ ಇರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ನಿಶ್ಚಿಂತೆ. ಪುಡಿ ಮಾಡಿದ ಕ್ಷಣದಿಂದ ಅದು ಹೊರಡಲು ಶುರು. ಡಬ್ಬಿ ತೆಗೆದಾಗ ಅಡುಗೆಮನೆ ತುಂಬ ಘಮ ಅಂತ ನಾವು ಖುಷಿಪಡುತ್ತೇವಲ್ಲ, ಲೋಟಕ್ಕೆ ಬರಬೇಕಾದ್ದೇ ಹಾಗೆ ಗಾಳಿಗೆ ಹೋಗುತ್ತಿರುವುದು.

ಹಾಗಾದರೆ ಬೀಜ ತಂದು ಮಿಕ್ಸಿಯಲ್ಲಿ ಹಾಕಿದರಾಯಿತಲ್ಲ? ನಾನೂ ಹಾಕಿದೆ. ಮಿಕ್ಸಿಯ ಬ್ಲೇಡು ಬೀಜವನ್ನು ಕೊಚ್ಚುತ್ತದೆ ಅಷ್ಟೇ. ಕೆಲವು ಹಿಟ್ಟಾಗುತ್ತವೆ, ಕೆಲವು ನುಚ್ಚಾಗಿ ಉಳಿಯುತ್ತವೆ. ಹಿಟ್ಟಿನಿಂದ ಕಹಿ ಜಾಸ್ತಿ ಇಳಿಯುತ್ತದೆ, ನುಚ್ಚಿನಿಂದ ಅರ್ಧಂಬರ್ಧ ಹುಳಿ, ಎರಡೂ ಒಂದೇ ಲೋಟದಲ್ಲಿ. ಕಾಫಿ ಗ್ರೈಂಡರ್ ಹಾಗಲ್ಲ, ಅದು ಬೀಸುಕಲ್ಲಿನ ಜಾತಿ. ಎರಡು ಹಲ್ಲಿನ ಚಕ್ರಗಳ ನಡುವೆ ಇಷ್ಟೇ ಸಂದು ಅಂತ ಇಟ್ಟರೆ ಆ ಸಂದಿನಲ್ಲಿ ಹಿಡಿಸುವಷ್ಟು ಸಣ್ಣದಾದ ಮೇಲೆಯೇ ಕಾಳು ಕೆಳಗೆ ಬೀಳುವುದು.

ಮೊದಲು ತರಿಸಿದ್ದು ಅಗ್ಗದ್ದು, ಒಳಗೆ ಸೆರಾಮಿಕ್ ಹಲ್ಲು. ಕಂಪನಿ ಹೆಸರು ಬೇಡ. ನಡುವಿನ ಕಂಬಿ ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು, ಸಂದು ಒಂದೊಂದು ಸುತ್ತಿಗೆ ಒಂದೊಂದು ತರ. 20 ಗ್ರಾಂ ಪುಡಿ ಆಗುವಷ್ಟರಲ್ಲಿ ಆರೇಳು ನಿಮಿಷ. ನಾಲ್ಕನೇ ತಿಂಗಳಿಗೆ ಹಿಡಿಕೆ ಕೂರುವ ಜಾಗ ಸವೆದು ಸುಮ್ನೆ ಗಿರಗಿರ ತಿರುಗತೊಡಗಿತು. ಅದರ ದುಡ್ಡು ಹೋಯಿತು ಅಂತ ಲೆಕ್ಕ.

ಈಗಿರುವುದಕ್ಕೆ 5,500 ರೂಪಾಯಿ ಕೊಟ್ಟೆ. ಮನೆಯಲ್ಲಿ 2,000 ಅಂತ ಹೇಳಿದ್ದೇನೆ, ಇದನ್ನು ಯಾರೂ ಆಯಿಗೆ, ಅಂದರೆ ಅಮ್ಮನಿಗೆ, ತೋರಿಸಬೇಡಿ. ಸ್ಟೀಲ್ ಹಲ್ಲು, ಮೇಲೆ ಕೆಳಗೆ ಎರಡೂ ಕಡೆ ಬೇರಿಂಗ್, ಹಾಗಾಗಿ ಕಂಬಿ ಅಲ್ಲಾಡುವುದಿಲ್ಲ. ಒಂದು ಸಲಕ್ಕೆ 20ರಿಂದ 25 ಗ್ರಾಂ ಬೀಜ ಹಿಡಿಯುತ್ತದೆ. ಕೆಳಗಿನ ತಿರುಗಣೆ ತಿರುಗಿಸಿದರೆ ಟಕ್ ಟಕ್ ಅಂತ ಒಂದೊಂದೇ ಮೆಟ್ಟಿಲು. ಪೂರ್ತಿ ಬಿಗಿ ಮಾಡಿ ಅಲ್ಲಿಂದ ಎಷ್ಟು ಟಕ್ ಹಿಂದೆ ಬಂದಿರಿ ಅಂತ ಲೆಕ್ಕ ಇಟ್ಟರೆ ನಾಳೆಯೂ ಅದೇ ಪುಡಿ ಸಿಗುತ್ತದೆ. ಎರಡು ನಿಮಿಷ ಸಾಕು. ನಿಜ ಹೇಳಬೇಕೆಂದರೆ ಬೆಳಿಗ್ಗೆ ಜಗಲಿಯಲ್ಲಿ ಕೂತು ತೋಟ ನೋಡುತ್ತ ಆ ಎರಡು ನಿಮಿಷ ತಿರುಗಿಸುವುದೇ ಒಂದು ಸುಖ, ಆದರೆ ಅದಕ್ಕೆ ಅಂತ 5,500 ಕೊಡಿ ಅಂತ ನಾನು ಹೇಳಲಾರೆ.

ಪಾತ್ರೆ ಯಾವುದು ಅಂತೀರಾ? ನಮ್ಮ ಮಾಮೂಲಿ ಸ್ಟೀಲ್ ಫಿಲ್ಟರ್. ಅಜ್ಜನ ಕಾಲದ ಹಿತ್ತಾಳೆಯದು ಒಂದು ಅಟ್ಟದಲ್ಲೇ ಸಿಕ್ಕಿತ್ತು, ಒಳಗಿನ ಕಲಾಯಿ ಹೋಗಿತ್ತು, ಹಾಗಾಗಿ ಪೇಟೆಯ ಪಾತ್ರೆ ಅಂಗಡಿಯಿಂದ ಸ್ಟೀಲಿನದು ತಂದೆ. ಎಲ್ಲ ಸುತ್ತಿ ಕೊನೆಗೆ ಅಲ್ಲಿಗೇ ಬಂದು ನಿಂತಿದ್ದೇನೆ. 24 ಗ್ರಾಂ ಪುಡಿ, 130 ಮಿಲಿ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಕುಡಿದು ಇಟ್ಟುಕೊಳ್ಳುತ್ತದೆ, ಕೆಳಗೆ ಇಳಿಯುವುದು 80 ಮಿಲಿ ಡಿಕಾಕ್ಷನ್. ಎರಡು ಲೋಟಕ್ಕೆ ಸರಿ. ಮೊದಲು ಒಂದಿಷ್ಟೇ ನೀರು ಹಾಕಿ ಪುಡಿ ನೆನೆಯಲು ಅರ್ಧ ನಿಮಿಷ ಬಿಡಿ, ಹೊಸದಾಗಿ ಹುರಿದ ಬೀಜವಾದರೆ ನೊರೆ ಉಕ್ಕಿ ಬರುತ್ತದೆ, ಅದು ಹುರಿದಾಗ ಹುಟ್ಟಿ ಒಳಗೆ ಸಿಕ್ಕಿಹಾಕಿಕೊಂಡ ಅನಿಲ. ಆಮೇಲೆ ಉಳಿದ ನೀರು. ಆ ಕೊಡೆಯಂತಹ ಒತ್ತುಬಿಲ್ಲೆಯನ್ನು ಮೆಲ್ಲಗೆ ಇಟ್ಟರೆ ಸಾಕು, ಜಾಡಿಸಿ ಒತ್ತಬೇಡಿ.

ಗ್ರೈಂಡರ್ ಕೆಲಸಕ್ಕೆ ಬರುವುದು ಇಲ್ಲೇ. ಡಿಕಾಕ್ಷನ್ ಮೂರೇ ನಿಮಿಷಕ್ಕೆ ಸುರಿದು ನೀರುನೀರಾದರೆ ಎರಡು ಟಕ್ ಸಣ್ಣ ಮಾಡುತ್ತೇನೆ. ಮುಕ್ಕಾಲು ಗಂಟೆಯಾದರೂ ಮೇಲೆ ನೀರು ಹಾಗೇ ನಿಂತಿದ್ದರೆ ಎರಡು ಟಕ್ ದಪ್ಪ. 15ರಿಂದ 20 ನಿಮಿಷಕ್ಕೆ ಹನಿ ನಿಲ್ಲುವ ಹಾಗೆ ಕೂರಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಪೇಟೆ ಪುಡಿಯಲ್ಲಿ ಈ ಸ್ವಾತಂತ್ರ್ಯ ಇಲ್ಲ, ಅವರು ಮಾಡಿಕೊಟ್ಟಷ್ಟೇ ಸಣ್ಣ.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೋರ್‌ವೆಲ್ ನೀರು, ಕೆಟಲಿನ ತಳದಲ್ಲಿ ಸುಣ್ಣ ಕಟ್ಟುತ್ತಿತ್ತು, ಅದೇ ಬೀಜ ಅಲ್ಲಿ ಮಂಕಾಗಿ, ಸೀಮೆಸುಣ್ಣ ನೆಕ್ಕಿದ ಹಾಗೆ. ಇಲ್ಲಿ ಬಾವಿಯ ಮೆದು ನೀರಿನಲ್ಲಿ ಹುಳಿ, ಸಿಹಿ ಎಲ್ಲ ಬಿಡಿಬಿಡಿಯಾಗಿ ತಿಳಿಯುತ್ತದೆ. ಕುದಿಯುವ ನೀರನ್ನು ಹಾಗೇ ಸುರಿಯಬಾರದು, 90ರಿಂದ 96 ಡಿಗ್ರಿ ಇರಬೇಕು ಅಂತ ಪುಸ್ತಕದ ಲೆಕ್ಕ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 98ಕ್ಕೆ. ಒಲೆ ಆರಿಸಿ ಫಿಲ್ಟರ್ ಹುಡುಕಿಕೊಂಡು ಬರುವಷ್ಟರಲ್ಲಿ ಸರಿಯಾಗಿರುತ್ತದೆ, ಥರ್ಮಾಮೀಟರ್ ಬೇಡ.

ಚಿಕೋರಿ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಮಂದ ಬರುವುದು, ಕಪ್ಪು ಬಣ್ಣ ಬರುವುದು ಅದರಿಂದಲೇ. ಬರೀ ಬೀಜದಲ್ಲಿ ಮಾಡಿದ ಮೊದಲ ದಿನ ದೊಡ್ಡಪ್ಪ ಲೋಟದೊಳಗೆ ಇಣುಕಿ, ಇದಕ್ಕೆ ಕಾಫಿ ಹಾಕುವುದು ಮರೆತಿದ್ದೀಯ ಅಂದಿದ್ದ. ಹಾಲು ಜಾಸ್ತಿ ಹಾಕುವವರಿಗೆ ನೂರಕ್ಕೆ ಹತ್ತು ಹದಿನೈದು ಭಾಗ ಚಿಕೋರಿ ಇದ್ದರೇ ಚೆಂದ. ಆದರೆ ಪ್ಯಾಕೆಟ್ಟಿನ ಹಿಂಬದಿ ಓದಿ ತಗೊಳ್ಳಿ. ಕಾನೂನಿನ ಪ್ರಕಾರ ಕಾಫಿ ನೂರಕ್ಕೆ 51 ಭಾಗ ಇದ್ದರೆ ಸಾಕು, ಉಳಿದ 49ಕ್ಕೂ ನಾವು ಕೊಡುವುದು ಕಾಫಿಯ ರೇಟೇ ಅಲ್ವಾ? ಇನ್ನೊಂದು ವಿಷಯ, ಚಿಕೋರಿಯನ್ನು ಗ್ರೈಂಡರಿಗೆ ಹಾಕಬೇಡಿ. ತೇವ ಎಳೆದುಕೊಂಡು ಹಲ್ಲಿಗೆ ಅಂಟುತ್ತದೆ. ಪುಡಿಯನ್ನೇ ತಂದು ಆಮೇಲೆ ಬೆರೆಸಿ.

ಬೀಜ ನಾನು ತರಿಸುವುದು ಚಿಕ್ಕಮಗಳೂರು ಕಡೆಯದು, ಅರೇಬಿಕಾ, ಮಧ್ಯಮ ಹುರಿದದ್ದು, ಸೆಲೆಕ್ಷನ್ 795 ಅನ್ನುವ ತಳಿ. ನಮ್ಮ ರಾಜ್ಯದಲ್ಲೇ 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದ ಹಳೆಯ ತಳಿ ಇದು. ಪ್ಯಾಕೆಟ್ಟಿನ ಮೇಲೆ ಹುರಿದ ದಿನಾಂಕ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ.

ಮನೆಯ ಬೀಜವನ್ನೂ ಹಾಕಿ ನೋಡಿದೆ. ತೋಟದ ಅಂಚಿನಲ್ಲಿ ನಾಲ್ಕು ರೋಬಸ್ಟಾ ಗಿಡ ಇವೆ. ಒಣಗಿಸಿ, ಸಿಪ್ಪೆ ತೆಗೆದು, ಬಾಣಲೆಯಲ್ಲಿ ಹುರಿದೆ, ಭತ್ತದ ಅರಳು ಸಿಡಿದ ಹಾಗೆ ಚಟಚಟ ಅಂದಿತು, ನನಗೆ ಹೆದರಿಕೆಯಾಗಿ ಬೇಗ ಇಳಿಸಿಬಿಟ್ಟೆ. ಕಡಿಮೆ ಹುರಿದ ಬೀಜ ಕಲ್ಲು. ಗ್ರೈಂಡರಿನ ಹಿಡಿಕೆ ಅರ್ಧದಲ್ಲಿ ನಿಂತಿತು, ಮೊಣಕಾಲ ನಡುವೆ ಸಿಕ್ಕಿಸಿಕೊಂಡು ತಿರುಗಿಸಬೇಕಾಯಿತು. ಕಾಫಿ ಹಸಿ ಹಸಿ, ಹುಲ್ಲಿನ ವಾಸನೆ. ತಪ್ಪು ಗ್ರೈಂಡರಿನದಲ್ಲ. ಎರಡನೇ ಸಲ ಚೆನ್ನಾಗಿ ಕಪ್ಪಾಗುವ ತನಕ ಹುರಿದೆ, ಆ ಡಿಕಾಕ್ಷನ್ನಿಗೆ ಜೋನಿ ಬೆಲ್ಲ ಹಾಕಿ ಹಾಲು ಬೆರೆಸಿದಾಗ ದೊಡ್ಡಪ್ಪ ಹೇಳಿದ್ದು ಒಂದೇ ಮಾತು, "ಅಡ್ಡಿಲ್ಲೆ." ಅವನ ಬಾಯಲ್ಲಿ ಅದು ಪದ್ಮಶ್ರೀ.

ಮಳೆಗಾಲದ್ದು ಬೇರೆಯೇ ಲೆಕ್ಕ. ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಲೈನಿನ ಮೇಲೆ ಮರ ಬಿದ್ದಿರುತ್ತದೆ. ಮೊಬೈಲ್ ಸತ್ತಿದೆ, ಮಿಕ್ಸಿ ಸತ್ತಿದೆ, ಆಯಿ ಚಟ್ನಿಗೆ ಒರಳುಕಲ್ಲು ತೊಳೆಯುತ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ಕಾಫಿ ಬೀಸುತ್ತಿದ್ದೇನೆ. ಕರೆಂಟಿನ ಗ್ರೈಂಡರಿಗೆ 15,000 ಸುರಿಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಅನ್ನಿಸಿದ್ದು ಆ ವಾರವೇ. ತೇವಕ್ಕೆ ಪುಡಿ ಗಟ್ಟಿ ಕಟ್ಟುವ ಗೋಳೂ ಇಲ್ಲ, ಬೇಕಾದಾಗ ಬೇಕಾದಷ್ಟೇ. ಬೇಸಿಗೆಯಲ್ಲಿ ಉಲ್ಟಾ, ಒಣ ಗಾಳಿಗೆ ಪುಡಿ ಹಾರಿ ಡಬ್ಬಿಯ ಗೋಡೆಗೆಲ್ಲ ಅಂಟುತ್ತದೆ. ಬೀಜಕ್ಕೆ ಒಂದೇ ಒಂದು ಹನಿ ನೀರು ಮುಟ್ಟಿಸಿ ಕಲಸಿ ಹಾಕಿದರೆ ಅಂಟುವುದು ನಿಲ್ಲುತ್ತದೆ.

ಈಗ ಬೈಗುಳ. ತೊಳೆಯುವ ಹಾಗಿಲ್ಲ, ಬ್ರಷ್‌ನಲ್ಲೇ ಉಜ್ಜಬೇಕು, ವಾರಕ್ಕೊಮ್ಮೆ ಬಿಚ್ಚಬೇಕು. ಜೋಡಿಸುವಾಗ ಒಂದು ಪುಟಾಣಿ ಸ್ಪ್ರಿಂಗ್ ಇದೆ, ಅದು ಹಾರಿ ಜಗಲಿಯಿಂದ ಅಂಗಳಕ್ಕೆ ಬಿದ್ದು ನಾನು ಮತ್ತು ತಂಗಿ ಒಂದು ಗಂಟೆ ಹುಡುಕಿದ್ದೇವೆ. ಕಾರವಾರದಲ್ಲಿ ಕಡಲ ಹತ್ತಿರ ಇರುವ ಗೆಳೆಯನ ಗ್ರೈಂಡರಿನ ಸ್ಕ್ರೂಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹತ್ತಿದೆ, ಉಪ್ಪು ಗಾಳಿಯ ಊರಿನವರು ಬಟ್ಟೆಯಲ್ಲಿ ಒರೆಸಿ ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು.

ಎಲ್ಲಕ್ಕಿಂತ ದೊಡ್ಡ ತೊಂದರೆ ನೆಂಟರು. ಚೌತಿಗೆ ಒಂಬತ್ತು ಜನ ಬಂದರು. ಭಾವ ಒಬ್ಬ ಸುಮ್ನಿರದೆ, "ಅಪ್ಪಿ ಭಾರೀ ಕಾಫಿ ಮಾಡ್ತಾನಂತೆ" ಅಂದ. ಒಂದು ಸಲಕ್ಕೆ 24 ಗ್ರಾಂ, ಅದರಲ್ಲಿ ಎರಡು ಲೋಟ, ಒಂಬತ್ತು ಜನಕ್ಕೆ ಐದು ಸಲ ಬೀಸಬೇಕು, ಫಿಲ್ಟರ್ ಇರುವುದು ಒಂದೇ, ಪ್ರತಿ ಸಲ ಇಪ್ಪತ್ತು ನಿಮಿಷ. ಮೂರನೇ ಸಲ ಬೀಸುವಾಗ ಒಳಗಿನಿಂದ ಶುಂಠಿ, ಕೊತ್ತಂಬರಿ ವಾಸನೆ ಬಂತು. ಆಯಿ ಎಲ್ಲರಿಗೂ ಕಷಾಯ ಕೊಟ್ಟು ಮುಗಿಸಿದ್ದಳು.

ನೆಂಟರೆಲ್ಲ ಹೋದ ಮೇಲೆ ಅವಳೇ ಗ್ರೈಂಡರ್ ಎತ್ತಿಕೊಂಡು ತಿರುಗಿಸಿ ನೋಡಿ, ಇದರಲ್ಲಿ ಕಾಳುಮೆಣಸು ಸಣ್ಣ ಆಗುತ್ತದಾ ಅಂತ ಕೇಳಿದಳು. ಆವತ್ತಿನಿಂದ ಅದು ನನ್ನ ಬಟ್ಟೆ ಕಪಾಟಿನಲ್ಲಿ ಇರುತ್ತದೆ.